ಐತವಾರದ ಬೆಸುಗೆ

"ಇನ್ನ ಮ್ಯಾಲ ಐತವಾರ ಬರಬ್ಯಾಡ್ರಿ," ಎಂದಳು ಮಧುಮತಿ, ವೆಲ್ಡಿಂಗ್ ಹೆಲ್ಮೆಟ್ ತೆಗೆಯದೆಯೇ. ತೆಗೆದಿದ್ದರೆ ಕಣ್ಣು ಕಾಣುತ್ತಿತ್ತು.

ಗ್ಯಾಸ್ ಸಿಲಿಂಡರಿನ ಮೇಲಿದ್ದ ಕೈಯನ್ನು ಸೂರ್ಯಕಾಂತ ಮೆಲ್ಲಗೆ ಹಿಂದಕ್ಕೆಳೆದುಕೊಂಡ. "ಯಾಕ್ರಿ?"

"ನೀವ್ ಇದ್ರ ಬೆಸುಗಿ ಕೆಡ್ತದ್ರಿ."

ನಕ್ಕು ಛೇಡಿಸಿಯಾನು ಎಂದುಕೊಂಡಿದ್ದಳು. ಅವನು ಅಜ್ಜಿಗೆ ಕೈ ಮುಗಿದು, ಚಪ್ಪಲಿ ಮೆಟ್ಟಿ, ಆಳಂದದ ಬಸ್ಸಿಗೆ ಹೊರಟುಬಿಟ್ಟ.

ಅಜ್ಜಿ ಸಾಬವ್ವ ಹೋದ ದೀಪಾವಳಿಗೆ ಮನೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಮತ್ತೆ ಅಂಗಳ ಕಂಡಿರಲಿಲ್ಲ. ಆ ಮೂರು ಮೆಟ್ಟಿಲಿಗೆ ತಾನೇ ಹಿಡಿದು ಇಳಿಯುವ ಕಂಬಿ ಮಾಡುತ್ತೇನೆಂದು ಮಧುಮತಿ ಗ್ಯಾಸ್ ಹಾಯಿಸಿ ಬೆಸೆಯುವ ಹಳೆಯ ಮಿಗ್ ಮಷಿನ್ ಊರಿಗೆ, ನರೋಣಾಕ್ಕೆ ತಂದಳು. ಆಳಂದದಲ್ಲಿ ಕಡ್ಡಿ ವೆಲ್ಡಿಂಗ್ ಮಾಡುವ ಸೂರ್ಯಕಾಂತ ಪ್ರತಿ ಐತವಾರ ಬಂದು ಕೈ ತಿದ್ದುತ್ತಿದ್ದ.

"ಕೈ ಓಡಿಸಬ್ಯಾಡ್ರಿ. ಕರಗಿದ ಕಬ್ಬಿಣ ನೋಡ್ರಿ."

"ಅದನ್ನೇ ನೋಡಾಕತ್ತೇನಿ."

"ಮತ್ತ ನನ್ ಮಾರಿ ಮ್ಯಾಲ ಏನ್ ಕರಗ್ಯಾದ್ರಿ?"

ಆದರೆ ಬಳಪದಲ್ಲಿ ವಾರ ಬರೆದಿಟ್ಟ ಅಭ್ಯಾಸದ ಕಬ್ಬಿಣದ ತುಂಡುಗಳು ಸುಳ್ಳು ಹೇಳುತ್ತಿರಲಿಲ್ಲ. ಸೋಮವಾರದ್ದು ನುಣುಪು, ಗುರುವಾರದ್ದು ನುಣುಪು, ಐತವಾರದ್ದೆಲ್ಲ ಜೇನುಗೂಡಿನಂತೆ ತೂತು. ಸುತ್ತಿಗೆ ತಾಗಿಸಿದರೆ ಬಿಸ್ಕೀಟಿನಂತೆ ಮುರಿದವು. ಅವನು ಪಕ್ಕ ಕೂತರೆ ತನ್ನ ಕೈ ನಡುಗುವುದು ಅವಳಿಗೆ ಗೊತ್ತಿತ್ತು. ಆ ನಡುಕದ ಮೇಲೆ ಅಜ್ಜಿಯ ಭಾರ ಬಿಡುವುದು ಹೇಗೆ?

ಮೂರು ವಾರ ಕಳೆದವು. ಶನಿವಾರ ಸಿಲಿಂಡರ್ ತಂದ ಟಂಟಂ ಆಟೋದ ಇಮ್ರಾನ ಹೇಳಿದ, "ಸೂರ್ಯಾ ಸೋಮವಾರಕ್ಕ ಜೇವರ್ಗಿ ಅಂಗಡಿಗಿ ಕೆಲಸಕ್ಕ ಹೊಂಟಾನ್ರಿ."

ಮಧುಮತಿ ಹೆಲ್ಮೆಟ್ ಇಳಿಸಿ ಬೆಸುಗೆ ಶುರು ಮಾಡಿದಳು. ಮೊಮ್ಮಗಳು ಬಿಸಿಲಿಗೆ ಬೇಯುವುದನ್ನು ನೋಡಲಾಗದೆ ಸಾಬವ್ವ ಬಾಗಿಲ ಮಂಚದಿಂದಲೇ ತನ್ನ ಟೇಬಲ್ ಫ್ಯಾನಿನ ಕತ್ತನ್ನು ಅವಳ ಕಡೆ ತಿರುಗಿಸಿದಳು. ಬೆಸುಗೆಯ ಚರಚರ ಸದ್ದು ಒಡೆಯಿತು. ಹೆಲ್ಮೆಟ್ ಎತ್ತಿದರೆ ತೂತುಗಳು. ಸೂರ್ಯಕಾಂತ ಅಲ್ಲಿರಲೇ ಇಲ್ಲ.

"ಫ್ಯಾನ್ ಹಂಗ್ಯಾಕ ನೋಡ್ತಿ ಬೇ? ಆ ಹುಡುಗ ಬಂದಾಗೆಲ್ಲ ಇದನ್ನ ಹಿಂಗೇ ನಿನ್ ಕಡಿ ತಿರಗಿಸ್ತಿದ್ದ. ತಾ ಸೆಕಿಯಾಗ ಕುಂತು," ಎಂದಳು ಅಜ್ಜಿ.

ಬೆಸುಗೆಯನ್ನು ಕಾಯುವ ಗ್ಯಾಸನ್ನು ಫ್ಯಾನಿನ ಗಾಳಿ ಹೊತ್ತೊಯ್ಯುತ್ತಿತ್ತು. ಕಡ್ಡಿ ವೆಲ್ಡಿಂಗಿಗೆ ಗ್ಯಾಸಿನ ಹಂಗಿಲ್ಲ. ಹೀಗಾಗಿ ಅವನಿಗೆ ಹೊಳೆದಿರಲಿಲ್ಲ. ಅವಳಂತೂ ತನ್ನ ಎದೆಯನ್ನು ಬಿಟ್ಟು ಬೇರೆ ಯಾವುದನ್ನೂ ಅನುಮಾನಿಸಿರಲಿಲ್ಲ.

ಮುಂದಿನ ಬಸ್ಸಿಗೇ ಆಳಂದ ಸೇರಿದಳು. ಸೂರ್ಯಕಾಂತ ಹತಾರಗಳನ್ನು ಚೀಲಕ್ಕೆ ತುಂಬುತ್ತಿದ್ದ. ತೂತಿನ ತುಂಡನ್ನು ಅವನ ಮುಂದಿಟ್ಟಳು.

"ತಪ್ಪು ಫ್ಯಾನಿಂದ್ರಿ. ಗ್ಯಾಸ್ ಹಾರಿಸಿ ಒಯ್ತಿತ್ತು."

ಅವನು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಫ್ಯಾನ್ ತಿರಗಿಸಿದಾಂವ ನಾನ."

"ನಾ... ನನ್ ಕೈ ನಡಗತಾವಂತ ಹಂಗ ಆಗ್ತದ ಅಂದ್ಕೊಂಡಿದ್ದೆ."

"ನಡಗತಿದ್ದಿಲ್ಲೇನ್ರಿ?"

ಅವಳು ನೆಲ ನೋಡಿದಳು. "ನಡಗತಾವ್ರಿ. ಈಗೂ."

ಸೂರ್ಯಕಾಂತ ಆ ತುಂಡನ್ನೂ ಚೀಲಕ್ಕೆ ಹಾಕಿಕೊಂಡ. "ಜೇವರ್ಗಿಯವರಿಗಿ ಮಾತು ಕೊಟ್ಟೇನ್ರಿ. ಹೋಗೂದೇ."

"ಹೋಗ್ರಿ."

"ಐತವಾರ ಸೂಟಿ ಅದ. ಎರಡು ಬಸ್ ಬದಲಿಸಬೇಕು."

"ಬಂದ್ರ ಫ್ಯಾನ್ ಮುಟ್ಟಂಗಿಲ್ಲ."

"ಸೆಕಿ?"

"ಇಬ್ರೂ ಬೆವರೋಣ್ರಿ."

ಮರುವಾರದ ಐತವಾರ ಅವನು ಬಂದ. ಫ್ಯಾನ್ ನಿಂತಿತ್ತು. ಅವಳ ಕೈ ನಡುಗುತ್ತಲೇ ಇತ್ತು, ಮೆಟ್ಟಿಲ ಕಂಬಿಯ ಬೆಸುಗೆ ಮಾತ್ರ ನುಣ್ಣಗೆ ಕೂತಿತು. ಸೂರ್ಯಕಾಂತ ಮೊದಲು ತಾನೇ ಕಂಬಿಗೆ ಜೋತುಬಿದ್ದು ನೋಡಿದ. ಆಮೇಲೆ ಸಾಬವ್ವ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಕೆಳಗೆ ಅವನು ಎರಡೂ ಕೈ ಚಾಚಿ ನಿಂತಿದ್ದ. ಬೇಕಾಗಲಿಲ್ಲ.

ಅವನು ಕೈ ಹಿಂದಕ್ಕೆಳೆದುಕೊಳ್ಳುವ ಮುನ್ನ ಮಧುಮತಿ ಒಂದನ್ನು ಹಿಡಿದಳು. ಅದೂ ನಡುಗುತ್ತಿತ್ತು.