ಎಡಗೆನ್ನೆಯ ಊತ

ಜುಲೈ 14, ಬೆಳಿಗ್ಗೆ 9.10. ಕುದುರೆ ಸಾಕುವವರ ಗುಡ್ಡನಾಡು ನರಿನ್ ಪ್ರಾಂತ್ಯದ ಒಂದು ಪುಟ್ಟ ಪೊಲೀಸ್ ಠಾಣೆಗೆ ಹಳ್ಳಿಯ ದಾದಿ ಸೈರಾ ಬಂದವಳೇ, "ದೂರು ಬರ್ಕೊಳ್ಳಿ" ಎಂದಳು.

"ಯಾರದು?" ಇನ್‌ಸ್ಪೆಕ್ಟರ್ ಎರ್ಮೆಕ್ ಕೇಳಿದ.

"ಕುದುರೆ ಸಾಕೋ ಸಾಮತ್‌ನ ಹೆಂಡತಿ ಜಿಪಾರಳದು. ಪೆಟ್ಟು ಬಿದ್ದು ಆರು ವಾರ ಆಯ್ತು, ಮುಖದ ಊತ ಇಳಿದಿಲ್ಲ. ಮೂಳೆ ಮುರಿದಿರಬೇಕು. ಎಲ್ಲಾ ಎರಡೆರಡು ಕಾಣುತ್ತೆ ಅಂತಾಳೆ. ಗಂಡ ಆಸ್ಪತ್ರೆಗೆ ಬಿಡ್ತಿಲ್ಲ. ನಾಳೆ ಡೇರೆ ಎತ್ಕೊಂಡು ಇನ್ನೂ ಮೇಲಿನ ಹುಲ್ಲುಗಾವಲಿಗೆ ಹೋಗ್ತಾರೆ. ಹೋದ್ರೆ ಕಣ್ಣು ಕಳ್ಕೊಂಡ ಹಾಗೇ."

"ಇಷ್ಟು ದಿನ ಯಾರೂ ಯಾಕೆ ಹೇಳ್ಲಿಲ್ಲ?"

"ಕುದುರೆ ಒದೀತು ಅಂದ. ಎಲ್ರೂ ಹೌದು ಅಂದ್ರು."

ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಎರ್ಮೆಕ್, ಕಾನ್‌ಸ್ಟೇಬಲ್ ತಾಲಾಯ್ ಜೊತೆ ಡೇರೆ ತಲುಪಿದ. ಜಿಪಾರಳ ಎಡಗೆನ್ನೆ ಬಿಗಿದು ಮಿನುಗುತ್ತಿತ್ತು. ಮೇಲಿನ ಕಣ್ಣು ಬರೀ ಗೀಟು.

"ಏನಾಯ್ತಮ್ಮ?"

ಉತ್ತರ ಸಾಮತ್‌ನದು. "ಹಾಲು ಕರೆಯೋವಾಗ ಆ ಬೂದು ಹೆಣ್ಣುಕುದುರೆ ಒದೀತು, ಸಾಹೇಬ್ರೆ."

"ಕೆನ್ನೆ ನಿಂದೇನೋ? ಬಾಯಿ ಮುಚ್ಚು."

"ಒಂದು ಊತಕ್ಕೆ ಇಬ್ಬರು ಪೊಲೀಸರಾ, ಮಗನೇ?" ಅತ್ತೆ ಬುರ್ಮಾಕಾನ್ ನಕ್ಕಳು. "ನಮ್ಮ ಕಾಲದಲ್ಲಿ ಹಿಟ್ಟು ಹಚ್ಕೊಂಡು ಸುಮ್ಮನಿರ್ತಿದ್ವಿ."

"ಅದಕ್ಕೇ ಇವಳೂ ಸುಮ್ಮನಿದ್ದಾಳೆ, ತಾಯಿ."

ಪಕ್ಕದ ಡೇರೆಯ ಮುದುಕರಿಬ್ಬರು ಪಂಚರಾದರು. ಎರ್ಮೆಕ್ ಆ ಕುದುರೆಯನ್ನು ತರಿಸಿ, ಹಾಲು ಕರೆಯುವಾಗಿನಂತೆ ಅದರ ಮರಿಯನ್ನು ಪಕ್ಕದಲ್ಲಿ ಕಟ್ಟಿಸಿದ. "ಹೇಗೆ ಕೂತಿದ್ದೆ, ತೋರಿಸಮ್ಮ."

ಹಾಲು ಕರೆಯಲು ಅಲ್ಲಿ ಎಲ್ಲರೂ ಕೂರುವಂತೆಯೇ ಜಿಪಾರ ಕುದುರೆಯ ಎಡಮಗ್ಗುಲಲ್ಲಿ ಮಂಡಿಯೂರಿ, ಹಿಂಗಾಲನ್ನು ತೋಳಿನಿಂದ ಬಳಸಿದಳು. ಆ ಕಾಲು ಅವಳ ಬಲಕ್ಕಿತ್ತು. ಎಡಗೆನ್ನೆ ಕುದುರೆಯ ಕತ್ತಿನ ಕಡೆಗಿತ್ತು.

ಎರ್ಮೆಕ್ ಮುದುಕರ ಕಡೆ ತಿರುಗಿದ. "ಹೀಗೆ ಕೂತೋರ ಎಡಗೆನ್ನೆಗೆ ಒದೆಯೋ ಕುದುರೇನ ನೋಡಿದ್ದೀರಾ, ಅಜ್ಜ?"

"ಇಲ್ಲ."

"ಅರವತ್ತು ವರ್ಷ ಕುದುರೆ ಸಾಕಿದೋರು. ನಲವತ್ತೆರಡು ದಿನ ಇದು ಹೊಳೀಲಿಲ್ವಾ?"

"ಹೊಳೀತು," ಮುದುಕ ಟೋಪಿ ಸರಿಮಾಡಿಕೊಂಡ. "ಅವರ ಮನೆ ವಿಷಯ ಅಂತ..."

ಎರ್ಮೆಕ್ ಆ ಮಾತನ್ನೂ ಪಂಚನಾಮೆಗೆ ಸೇರಿಸಿದ. ತಾಲಾಯ್ ಸಾಮತ್‌ನ ಸೊಂಟದಿಂದ ಚಾಟಿ ಕಿತ್ತುಕೊಂಡಾಗ ಜಿಪಾರ ಮೊದಲ ಸಲ ಬಾಯಿಬಿಟ್ಟಳು: "ಅದರ ಹಿಡಿಯಿಂದ. ಎರಡು ಸಲ."

3.05ಕ್ಕೆ ಸಾಮತ್‌ನ ಬಂಧನವಾಯಿತು. ಸೈರಾ ಜಿಪಾರಳನ್ನು ನಗರಕ್ಕೆ ಕರೆದೊಯ್ದಳು. ವಕ್ರವಾಗಿ ಕೂಡಿದ ಮೂಳೆಯನ್ನು ಮತ್ತೆ ಮುರಿದು ಕೂರಿಸಬೇಕು, ಕಣ್ಣಿನ ಬಗ್ಗೆ ಈಗಲೇ ಹೇಳಲಾಗದು ಎಂದು ವೈದ್ಯರು ಫೋನ್ ಮಾಡಿದರು.

ಸಂಜೆ ಸಾಮತ್ ಹೇಳಿಕೆ ಕೊಟ್ಟ. "ನೆಂಟರು ಬಂದಿದ್ರು. ಇವಳು ಬಟ್ಟಲು ತುಂಬ ಚಹಾ ಸುರಿದಳು. ನಮ್ಮಲ್ಲಿ ಅರ್ಧ ಕೊಟ್ರೆ ಕೂತ್ಕೊಳ್ಳಿ ಅಂತ. ತುಂಬಿ ಕೊಟ್ರೆ ಕುಡಿದು ಹೊರಡಿ ಅಂತ. ಅವರು ಎದ್ದು ಹೊರಟೇಬಿಟ್ರು. ಮರ್ಯಾದೆ ಹೋಯ್ತು."

ಎರ್ಮೆಕ್ ಒಂದಕ್ಷರ ಬಿಡದೆ ಬರೆದು, ಓದಿ ಹೇಳಿ, ಪೆನ್ನು ಕೊಟ್ಟ.

ಸಹಿ ಮಾಡುವ ಮುಂಚೆ ಸಾಮತ್ ಕೇಳಿದ್ದು ಒಂದೇ: "ಇದು ನೆಂಟರಿಗೂ ಗೊತ್ತಾಗುತ್ತಾ, ಸಾಹೇಬ್ರೆ?"