ಅಕ್ಕೋಳದ ಖಾಲಿ ಕ್ಯಾಸೆಟ್ಟು

ಸೋಮವಾರ ಬೆಳಿಗ್ಗೆ ಸುಹಾಸ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಗೇಟಿನ ಹೊರಗೆ ವಿಶ್ವಾಸ ನಿಂತಿದ್ದ. ಕರೆದಿರಲಿಲ್ಲ, ಗೇಟು ತಟ್ಟಿರಲಿಲ್ಲ, ಸುಮ್ಮನೆ ನಿಂತಿದ್ದ. ಅವನ ಕೈಯಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟಿತ್ತು. ಅದನ್ನು ಕಂಡದ್ದೇ ಸುಹಾಸನಿಗೆ ಹಿಂದಿನ ದಿನದ ಸಂಕಟ ಮರುಕಳಿಸಿತು.

"ಅಕ್ಕಾರ ಅದಾರೇನ್ರಿ ದಾದಾ?" ಎಂದ ವಿಶ್ವಾಸ.

ಅಕ್ಕಾರ ಎಂದರೆ ಸುಹಾಸನ ಹೆಂಡತಿ ಪ್ರಾಜಕ್ತಾ. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವುದೇ ಅವಳ ನೌಕರಿಯಾಗಿತ್ತು. ಮಾಲೀಕರೇ ಬೆಂಕಿ ಹಚ್ಚಿಕೊಂಡ ತಂಬಾಕಿನ ಗೋದಾಮು, ಕಳುವಾಗದೆಯೇ ಕಳುವಾದ ಟ್ರ್ಯಾಕ್ಟರು, ಇಂಥವನ್ನೆಲ್ಲ ನೋಡಿ ಸಾಕಾಗಿ ನೌಕರಿ ಬಿಟ್ಟು ಮನೆಯಲ್ಲಿ ಕೂತಿದ್ದಳು. ಆದರೂ ನಿಪ್ಪಾಣಿಯ ಜನ ಅವಳನ್ನು ಬಿಟ್ಟಿರಲಿಲ್ಲ. ಸುಹಾಸನಿಗೆ ಬಸ್ ನಿಲ್ದಾಣದ ಹತ್ತಿರ ಪುಸ್ತಕದ ಅಂಗಡಿ. ಅಂಗಡಿ ತೆರೆಯದ ದಿನ ಅವನು ಹೆಂಡತಿಯ ಕಾರು ನಡೆಸುತ್ತಿದ್ದ, ಚಹಾ ಮಾಡುತ್ತಿದ್ದ, ಕೇಳಬಾರದ ಹೊತ್ತಿನಲ್ಲಿ ಪ್ರಶ್ನೆ ಕೇಳಿ ಬೈಸಿಕೊಳ್ಳುತ್ತಿದ್ದ. ಅಂಗಡಿ ತೆರೆಯದ ದಿನಗಳೇ ಈಚೆಗೆ ಹೆಚ್ಚಾಗಿದ್ದವು.

ವಿಶ್ವಾಸ ಕಬ್ಬೂರಿನವನು, ಚಿಕ್ಕೋಡಿಯ ಕಚೇರಿಯೊಂದರಲ್ಲಿ ಗುಮಾಸ್ತ. ಕುರ್ಚಿಯ ತುದಿಯಲ್ಲಿ ಕೂತು ಗಂಟು ಬಿಚ್ಚಿದ. ಒಳಗೊಂದು ಹಳೆಯ ಕ್ಯಾಸೆಟ್ಟು ಇತ್ತು. ಮೇಲೆ ಹಚ್ಚಿದ ಕಾಗದದಲ್ಲಿ, 'ಭೀಮ ಜಯಂತಿ, ನಾಮದೇವ' ಎಂದು ಶಾಯಿಯಲ್ಲಿ ಬರೆದಿತ್ತು.

"ನಮ್ಮಪ್ಪ ಹಾಡಿದ್ದು ಇದ ಒಂದರಿ," ಎಂದ. "ನಾ ತೊಟ್ಟಿಲದಾಗ ಇದ್ದಾಗ ತೀರಿಕೊಂಡಾನ. ಅವನ ಮಾರಿ ನನಗ ನೆನಪಿಲ್ಲ. ದನಿ ಅಷ್ಟ ಇತ್ತು. ನಿನ್ನೆ ಅದೂ ಹೋತರಿ."

"ಇದರ ಕಾಪಿ?" ಎಂದಳು ಪ್ರಾಜಕ್ತಾ.

"ಅದನ್ನ ಮಾಡಸಾಕಂತನ ಬಳಗಕ್ಕ ಸೇರಿದ್ದರಿ. ಮನ್ಯಾನ ಟೇಪ್ ರೆಕಾರ್ಡರ್ ಕೆಟ್ಟು ಯಾವ ಕಾಲಾತು."

"ನಿಮ್ಮವ್ವಗ ಹೇಳೀಯೇನು?"

"ಇನ್ನಾ ಹೇಳಿಲ್ರಿ. ರಿಪೇರಿಗೆ ಕೊಟ್ಟೀನಿ ಅಂದೀನಿ. ಯಾರ ಮ್ಯಾಲೂ ಕೇಸ್ ಬ್ಯಾಡ್ರಿ ಅಕ್ಕಾರ. ಅಪ್ಪನ ದನಿ ಎಲ್ಲೆರ ಉಳದೈತೇನು, ಅದೊಂದ ಹೇಳ್ರಿ ಸಾಕು."

ಸುಹಾಸ ತಲೆ ತಗ್ಗಿಸಿದ. ವಿಶ್ವಾಸನನ್ನು ಆ ಬಳಗಕ್ಕೆ ಸೇರಿಸಿದವನು ಅವನೇ.

'ಹಳೇ ಸುರುಳಿ ಬಳಗ' ಎಂಬುದು ಒಂದು ವಾಟ್ಸಾಪ್ ಗುಂಪು. ಅಥಣಿ, ಕಾಗವಾಡ, ರಾಯಬಾಗ ಕಡೆಯ, ಹಳೆಯ ಕ್ಯಾಸೆಟ್ಟಿನ ಹುಚ್ಚಿದ್ದವರೆಲ್ಲ ಅದರಲ್ಲಿದ್ದರು. ಅದಕ್ಕೆ ಇಬ್ಬರು ಯಜಮಾನರು. ಒಬ್ಬ ಅಕ್ಕೋಳದ ಸಂಗ್ರಾಮ. ಕಬ್ಬು, ದ್ರಾಕ್ಷಿ ಎರಡೂ ಬೆಳೆಯುವ ಕುಳ; ಗೋಡೆ ತುಂಬ ಗಾಜಿನ ಕಪಾಟು ಮಾಡಿಸಿ ಕ್ಯಾಸೆಟ್ಟು ಜೋಡಿಸಿಟ್ಟಿದ್ದ. ಕೇಳಿದರೆ ಸವೆಯುತ್ತದೆಂದು ಒಂದನ್ನೂ ಕೇಳುತ್ತಿರಲಿಲ್ಲ, ಟೇಪ್ ರೆಕಾರ್ಡರನ್ನೇ ಇಟ್ಟಿರಲಿಲ್ಲ. ಇನ್ನೊಬ್ಬರು ಅಥಣಿಯ ಕಾಲೇಜಿನ ಶಿವರಾಜ ಸರ್. ಹಾಡು ಎಲ್ಲರ ಆಸ್ತಿ ಎನ್ನುವವರು. ಹಾಳಾದ ಟೇಪುಗಳನ್ನು ಸರಿಪಡಿಸಿ ಇಂಟರ್‌ನೆಟ್ಟಿಗೆ ಹಾಕುವವರು. 'ಮೊದಲು ಪ್ಯಾಡು ಬದಲಿಸಿ, ಆಮೇಲೆ ಕೇಳಿ' ಎಂದು ವಾರಕ್ಕೊಮ್ಮೆಯಾದರೂ ಬಳಗಕ್ಕೆ ಪಾಠ ಹೇಳುತ್ತಿದ್ದರು. ಪ್ಯಾಡು ಎಂದರೆ ಕ್ಯಾಸೆಟ್ಟಿನ ಬಾಯಲ್ಲಿ ಟೇಪಿನ ಬೆನ್ನಿಗಿರುವ ಸಣ್ಣ ಮೆತ್ತನೆಯ ತುಂಡು. ಟೇಪನ್ನು ಯಂತ್ರಕ್ಕೆ ಒತ್ತಿ ಹಿಡಿಯುವುದು ಅದರ ಕೆಲಸ.

ಇಬ್ಬರ ಜಗಳ ಶುರುವಾದದ್ದು ಮಿರಜಿನ ಒಬ್ಬ ವ್ಯಾಪಾರಿಯ ಕ್ಯಾಸೆಟ್ಟುಗಳಿಂದ. ಶಿವರಾಜರು ಮಾತಾಡಿ ಇಟ್ಟಿದ್ದನ್ನು ಸಂಗ್ರಾಮ ಹೋಗಿ ಹೊತ್ತು ತಂದಿದ್ದ. ಆಮೇಲೆ ಒಬ್ಬರು 'ಗೋರಿ ಕಾಯುವವ' ಎಂದರು, ಇನ್ನೊಬ್ಬರು 'ಕಂಡವರ ಹಾಡು ಹಂಚಿ ಹೆಸರು ಮಾಡುವವ' ಎಂದರು. ಬಳಗದಲ್ಲಿ ಹಾಡಿನ ಮಾತೇ ನಿಂತು ಹೋಗಿ ವರ್ಷವಾಗಿತ್ತು. ನಡುವೆ ವಿಶ್ವಾಸನ ಕ್ಯಾಸೆಟ್ಟು ಬಂದದ್ದರಿಂದ ಎಲ್ಲರೂ ಸ್ವಲ್ಪ ಮೆತ್ತಗಾದರು. ಅಕ್ಕೋಳದಲ್ಲಿ ಸಂಗ್ರಾಮನ ಮನೆಯಲ್ಲಿ ಸೇರುವುದು, ಶಿವರಾಜರು ತಮ್ಮ ಯಂತ್ರ ತಂದು ಎಲ್ಲರೆದುರಿಗೆ ಕೇಳಿಸಿ ಕಾಪಿ ಮಾಡುವುದು ಎಂದು ನಿಶ್ಚಯವಾಯಿತು. ಅದರ ಹಿಂದಿನ ವಾರ ಶಿವರಾಜರು ಚಿಕ್ಕೋಡಿಯಲ್ಲಿ ವಿಶ್ವಾಸನಿಂದ ಗಂಟು ಇಸಿದುಕೊಂಡು, ಎರಡು ದಿನ ತಮ್ಮಲ್ಲಿಟ್ಟುಕೊಂಡು, ಸಂಗ್ರಾಮನಿಗೆ ಮುಟ್ಟಿಸಿದರು. ಸಂಗ್ರಾಮ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ.

ಭಾನುವಾರ ಅದನ್ನು ಯಂತ್ರಕ್ಕೆ ಹಾಕಿದರೆ ಬರೀ ಶ್ ಎಂಬ ಸದ್ದು. ತಿರುವಿ ಹಾಕಿದರೂ ಅದೇ. ಕಪಾಟಿನ ಪಕ್ಕದ ದೊಡ್ಡ ಸ್ಪೀಕರಿನ ಅಯಸ್ಕಾಂತ ಹಾಡನ್ನು ತಿಂದಿತೆಂದು ಶಿವರಾಜರು, ಅವರೇ ಅಳಿಸಿ ತಂದರೆಂದು ಸಂಗ್ರಾಮ, ಹೀಗೆ ಕೈಕೈ ಮಿಲಾಯಿಸುವವರೆಗೂ ಹೋಯಿತು. ಸಂಜೆಯೊಳಗೆ ಬಳಗ ಎರಡಾಯಿತು. ಸಂಗ್ರಾಮನನ್ನು ಹೊರಗೆ ಹಾಕಲು ಶಿವರಾಜರು ಎಲ್ಲರ ಮತ ಕೇಳಿದರು. ವಿಶ್ವಾಸ ಹೇಗಿದ್ದಾನೆಂದು ಯಾರೂ ಕೇಳಲಿಲ್ಲ ಎಂಬುದು ಸುಹಾಸನಿಗೆ ಮನೆಗೆ ಬಂದ ಮೇಲೆ ಹೊಳೆಯಿತು. ಅವನಿಗೆ ತನ್ನ ಮೇಲೂ ಸಿಟ್ಟು ಬಂತು.

ಪ್ರಾಜಕ್ತಾ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಬಾಯಿಯ ಕಡೆಯಿಂದ ನೋಡಿದಳು. "ಸಂಗ್ರಾಮ ಇದರ ಫೋಟೋ ಹಾಕಿದ್ದನೇನ್ರಿ?" ಎಂದು ಗಂಡನನ್ನು ಕೇಳಿದಳು.

ಹಾಕದೆ ಇರುತ್ತಾನೆಯೇ. ಕೈಗೆ ಬಂದ ಕ್ಯಾಸೆಟ್ಟನ್ನು ಹೆಣ್ಣು ನೋಡುವವರಂತೆ ಹಿಂದೆ ಮುಂದೆ ತಿರುಗಿಸಿ ಫೋಟೋ ತೆಗೆದು ಹಾಕುವುದು ಅವನ ಚಟ. ಸುಹಾಸ ಫೋನಿನಲ್ಲಿ ಹುಡುಕಿ ತೋರಿಸಿದ. ಕೊನೆಯ ಫೋಟೋ ಬಾಯಿಯದು: ಕಂದು ಬಣ್ಣದ ಟೇಪು, ಅದರ ಹಿಂದೆ ಬಿಳಚು ಬಣ್ಣದ ಪ್ಯಾಡಿನ ಅಂಚು. ಕೆಳಗೆ, 'ಎಷ್ಟು ಸ್ವಚ್ಛ ಐತಿ ನೋಡ್ರಿ' ಎಂದು ಬರೆದಿದ್ದ.

"ಕಾರ್ ತಗೀರಿ. ಕಬ್ಬೂರಿಗೆ ಹೋಗೂಣು," ಎಂದಳು ಪ್ರಾಜಕ್ತಾ.

"ಅವ್ವಗ ಗೊತ್ತಾಗ್ತೈತ್ರಿ," ಎಂದ ವಿಶ್ವಾಸ.

"ಗೊತ್ತಾಗೂದ ಚೊಲೋ. ನಿನಗಿಂತಾ ಹೆಚ್ಚ ಕೇಳಿದಾಕಿ ಅಕಿ."

ವಿಶ್ವಾಸನ ತಾಯಿ ಅಕ್ಕುತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗನ ಮುಖ ನೋಡಿಯೇ ಮೊರ ಕೆಳಗಿಟ್ಟಳು. ಸುಹಾಸ ಏನೋ ಸಮಾಧಾನ ಹೇಳಲು ಹೋದ. ಪ್ರಾಜಕ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಮುದುಕಿ ಮೊರವನ್ನು ಮಗ್ಗುಲಿಗೆ ಸರಿಸಿ ಅವರಿಗೆ ಕೂರಲು ಜಾಗ ಮಾಡಿದಳು.

"ಅದರಾಗ ಏನೇನ ಇತ್ತು, ನೆನಪ ಐತೇನ್ ಆಯಿ?" ಎಂದಳು ಪ್ರಾಜಕ್ತಾ.

"ನೆನಪ ಇಲ್ದ ಏನು. ಒಂದ ಹಾಡ ಆಗತೈತಿ, ನಡುವ ಈ ವಿಶ್ವಾಸ ಅಳತಾನ, ಅವರ ನನ್ನ ಹೆಸರ ಹಿಡದ ಕರೀತಾರ. ಇವನ್ನ ಎತಗೊಂಡ ನಾ ಹೊರಗ ಹೋದೆ. ಮುಂದಿನ ಹಾಡ ಬೇಲಿ ಆಚೆ ನಿಂತ ಕೇಳಿದೆ."

"ಕ್ಯಾಸೆಟ್ ಎಂದೂ ಕೆಟ್ಟಿದ್ದಿಲ್ಲೇನು?"

"ಒಮ್ಮೆ ಕೆಟ್ಟಿತ್ತ. ಅದರ ಬಾಯಾಗಿನ ಮೆತ್ತಾಂದು ಬಿದ್ದ ಹೋಗಿ ದನಿ ಸಣ್ಣಾಗಿತ್ತ. ಇವ ಕೂಸ ಇದ್ದಾಗಿನ ಟೋಪಿಯ ಉಣ್ಣೀ ಕತ್ತರಿಸಿ ಗೋಂದ ಹಚ್ಚಿ ನಾನ ಅಂಟಿಸಿದೆ. ಮತ್ತ ಹಾಡತು."

ಒಳಗಿನ ಟ್ರಂಕಿನಿಂದ ಟೋಪಿ ತಂದು ತೋರಿಸಿದಳು. ಕೆಂಪು ಉಣ್ಣೆಯ ಟೋಪಿ. ಅಂಚಿನಲ್ಲಿ ಉಗುರಿನಷ್ಟು ಕತ್ತರಿಸಿದ ಗುರುತು. ಪ್ರಾಜಕ್ತಾ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಳು. ಹೆಂಡತಿ ಹೀಗೆ ಸುಮ್ಮನಾದರೆ ಏನೋ ಸಿಕ್ಕಿದೆ ಎಂದೇ ಅರ್ಥವೆಂದು ಸುಹಾಸನಿಗೆ ಗೊತ್ತಿತ್ತು. ಏನು ಸಿಕ್ಕಿದೆ ಎಂದು ಮಾತ್ರ ಎಂದಿನಂತೆ ಗೊತ್ತಾಗಲಿಲ್ಲ.

ಅಲ್ಲಿಂದ ಅಕ್ಕೋಳ. ಸಂಗ್ರಾಮ ಮೊದಲಿನ ಸಂಗ್ರಾಮನಾಗಿರಲಿಲ್ಲ, ಗಡ್ಡ ಕೂಡ ಮಾಡಿಕೊಂಡಿರಲಿಲ್ಲ. "ವಹಿನಿ, ನಾ ಆಸೆಬುರಕ ಖರೆ," ಎಂದ ಪ್ರಾಜಕ್ತಾಳಿಗೆ. "ಹಾಳ ಮಾಡೂ ಮನಷ್ಯಾ ಅಲ್ಲ. ಗಂಟ ಬಿಚ್ಚಿ ಫೋಟೋ ತಗದ ಕಪಾಟಿನಾಗ ಇಟ್ಟೆ, ಅಷ್ಟ. ಮಾಸ್ತರ ಎದುರ ನಿಂತಿದ್ರು, ಅವರ್ನ ಕೇಳ್ರಿ."

"ಕೇಳ್ತೀನಿ. ಅದರ ಮಗ್ಗಲದಾಗ ಇದ್ದ ಕ್ಯಾಸೆಟ್ ಒಂದ ಕೊಡು. ಇವರು ಮನ್ಯಾಗ ಹಾಕಿ ಕೇಳ್ತಾರ."

ಹಾಕಿ ಕೇಳುತ್ತಾರೆ ಎಂದದ್ದಕ್ಕೆ ಸಂಗ್ರಾಮನ ಮುಖ ಕಿವುಚಿತು. ಆದರೂ ಕೊಟ್ಟ. ಅಂದು ಸಂಜೆ ಅದು ಸುಹಾಸನ ಯಂತ್ರದಲ್ಲಿ ಒಂದು ಕೊರತೆಯೂ ಇಲ್ಲದೆ ಹಾಡಿತು.

ಮರುದಿನ ಪ್ರಾಜಕ್ತಾ ಎಲ್ಲರನ್ನೂ ಸೇರಿಸಿದ್ದು ಅಥಣಿಯಲ್ಲಿ, ಶಿವರಾಜರ ಮನೆಯಲ್ಲಿ. ಕೇಳಿಸುವ ಒಳ್ಳೆಯ ಯಂತ್ರ ಅಲ್ಲೇ ಇದೆಯೆಂದು ನೆವ ಹೇಳಿದ್ದಳು. ಅಕ್ಕುತಾಯಿಯನ್ನೂ ಕರೆತಂದಿದ್ದರು. ಸಂಗ್ರಾಮ ಬಾಗಿಲ ಬಳಿಯ ಕುರ್ಚಿ ಹಿಡಿದ. ಶಿವರಾಜರು ಎಲ್ಲರಿಗೂ ನೀರು ಕೊಟ್ಟು, ಅಕ್ಕುತಾಯಿಗೆ ಕೈಮುಗಿದು, ಬಹಳ ಅನ್ಯಾಯವಾಯಿತೆಂದರು. ಸುಹಾಸನಿಗೆ ಅವರ ಮೇಲೆ ಮೊದಲಿನಿಂದಲೂ ಗೌರವ.

"ಸರ್, ನೀವು ಗಂಟ ಬಿಚ್ಚಿರಲಿಲ್ಲ ಹೌದಲ್ರಿ?" ಎಂದಳು ಪ್ರಾಜಕ್ತಾ.

"ಮಾಲಕ ಎದುರಿಗೆ ಇಲ್ದ ನಾ ಯಾರ ಟೇಪೂ ಮುಟ್ಟಂಗಿಲ್ರಿ ಮೇಡಂ. ಸಂಗ್ರಾಮನ ನನ್ನೆದುರಿಗೆ ಬಿಚ್ಚಿದ, ಅಲ್ಲೇ ಫೋಟೋ ತಗದ. ಅದರಾಗ ಎಲ್ಲಾ ಸರಿ ಐತಿ ನೋಡ್ರಿ."

"ಅದನ್ನ ನೋಡೀನ್ರಿ," ಎಂದಳು ಅವಳು. ಕ್ಯಾಸೆಟ್ಟನ್ನೂ ಕೆಂಪು ಟೋಪಿಯನ್ನೂ ಮೇಜಿನ ಮೇಲಿಟ್ಟಳು. "ಸ್ಪೀಕರಿನ ಮಾತ ಮೊದಲ ಮುಗಿಸೂಣು. ಅದ ಹಾಡ ತಿಂದಿದ್ರ ಮಗ್ಗಲದ ಕ್ಯಾಸೆಟ್ಟಿಂದೂ ತಿನ್ನಬೇಕಿತ್ತು. ಅದು ಚೊಲೋ ಹಾಡೇತಿ. ಅಂದ್ರ ಕಪಾಟಿನಾಗ ಏನೂ ಆಗಿಲ್ಲ. ಇನ್ನ ಇದರ ಬಾಯಿ ನೋಡ್ರಿ. ಆಯಿ ಅಂಟಿಸಿದ್ದು ಕೆಂಪು ಉಣ್ಣೀ. ಇಲ್ಲಿರೂದು ಹೊಸಾ ಪ್ಯಾಡು. ಯಾರೋ ಇದನ್ನ ಬಿಚ್ಚ್ಯಾರ."

ಸುಹಾಸ ಥಟ್ಟನೆ ಫೋನು ತೆಗೆದ. ಅವನಿಗೂ ಈಗ ಹೊಳೆದಿತ್ತು.

"ಹೌದ್ರಿ, ಆ ಫೋಟೋನ," ಎಂದಳು ಪ್ರಾಜಕ್ತಾ. "ಗಂಟ ಬಿಚ್ಚಿದ ಕೂಡ್ಲೆ ತಗದದ್ದು. ಅದರಾಗೂ ಕೆಂಪ ಇಲ್ಲ, ಹೊಸಾ ಪ್ಯಾಡ ಐತಿ. ಅಂದ್ರ ಸಂಗ್ರಾಮನ ಕೈಗೆ ಬರೂಕಿಂತ ಮೊದಲ ಅದು ಬದಲಾಗಿತ್ತು. ಅದಕ್ಕೂ ಮೊದಲ ಗಂಟ ಇದ್ದದ್ದು ನಿಮ್ಮ ಹತ್ರ ಸರ್."

ಶಿವರಾಜರು ಕನ್ನಡಕ ತೆಗೆದು ಒರೆಸತೊಡಗಿದರು.

"ಅಳಸಾಕ ಬಂದಾವ ಪ್ಯಾಡ ಯಾಕ ಹಾಕ್ತಾನ? ಕೇಳಬೇಕಂದಾವ ಹಾಕ್ತಾನ. ಕೆಂಪು ಉಣ್ಣೀ ಕಂಡ ಕೂಡ್ಲೆ ನಿಮ್ಮ ಕೈ ಸುಮ್ನ ಕುಂತಿರಲಿಲ್ಲ. ವಾರಾ ವಾರಾ ಬಳಗಕ್ಕ ಹೇಳೂದನ್ನ ನೀವ ಮಾಡಿದ್ರಿ. ಕೇಳಿದ್ರಿ, ಕಾಪಿ ಮಾಡಿದ್ರಿ. ಆಮೇಲೆ ಒಳಗಿನ ಸುರುಳಿ ತಗದ, ಖಾಲಿ ಸುರುಳಿ ಇಟ್ಟ, ಮೊದಲಿನಂಗ ಗಂಟ ಕಟ್ಟಿದ್ರಿ. ಸಂಗ್ರಾಮನ ಮನ್ಯಾಗ, ಎಲ್ಲಾರ ಮುಂದ, ಅದು ಖಾಲಿ ಹಾಡಬೇಕಿತ್ತು. ಮಿರಜಿನ ಸಿಟ್ಟ ಹಂಗ ತೀರಬೇಕಿತ್ತು. ಅಂದ ಸಂಜೀಗೆ ಅವನ್ನ ಹೊರಗ ಹಾಕಾಕ ನೀವ ಎಲ್ಲಾರ ಮತ ಕೇಳಿದ್ರಿ."

ಸಂಗ್ರಾಮ ಎದ್ದ. ಸುಹಾಸ ಅವನ ತೋಳು ಹಿಡಿದು ಕೂರಿಸಿದ.

"ಒಂದ ಮಾತ ಸರ್," ಎಂದಳು ಪ್ರಾಜಕ್ತಾ. ಅವಳ ದನಿ ತಗ್ಗಿತ್ತು. "ಹಾಳಾದ ಟೇಪಿನ ಮುಂದ ರಾತ್ರಿ ಹಗಲ ಕುಂದ್ರಾವ್ರ ನೀವು. ನಾಮದೇವನ ಸುರುಳಿ ಅಳಸಾಕ ನಿಮ್ಮ ಕೈ ಬಂದಿರಂಗಿಲ್ಲ. ಅದೊಂದ ನಂಬಿಗಿ ಮ್ಯಾಲೆ ಇವರನ್ನ ಇಲ್ಲೀತನಕ ಕರಕೊಂಡ ಬಂದೀನಿ."

ಶಿವರಾಜರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಅವನ್ನ ಹೊರಗ ಹಾಕಿದ ಮ್ಯಾಲೆ ಸಿಕ್ಕೈತಿ ಅಂತ ಕೊಡಾವ ಇದ್ದೆ."

"ಅಲ್ಲೀತನಕ ನಾವೇನ ಮಾಡಬೇಕಿತ್ರಿ ಸರ್?" ಎಂದ ವಿಶ್ವಾಸ. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತಿತ್ತು.

ಶಿವರಾಜರು ಕಂಪ್ಯೂಟರಿನ ಮುಂದೆ ಕೂತು ಒಂದು ಗುಂಡಿ ಒತ್ತಿದರು. ತುಂಬು ಗಂಟಲಿನ ಹಾಡು ಕೋಣೆ ತುಂಬಿತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. "ಎಲ್ಲಾ ಸ್ವಚ್ಛ ಮಾಡೀನಿ, ಒಂದ ಚೂರ ಗದ್ದಲ ಇಲ್ಲ," ಎಂದು ಅವರು ಮೆಲ್ಲಗೆ ಹೇಳಿದರು. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಅಕ್ಕುತಾಯಿ ಅತ್ತ ಇತ್ತ ನೋಡಿದಳು. "ಇದರಾಗ ನನ್ನ ಮಗ ಅಳೂದ ಎಲ್ಲಿ?"

ಶಿವರಾಜರ ಕೈ ಗುಂಡಿಯ ಮೇಲೆಯೇ ನಿಂತಿತು. ಹಾಡಿನ ನಡುವಿನ ಅಳುವನ್ನೂ ಮಾತನ್ನೂ ಅವರು ಗದ್ದಲವೆಂದು ಕತ್ತರಿಸಿದ್ದರು. ಅವರು ಎದ್ದು ಒಳಗೆ ಹೋದರು. ಬರುವಾಗ ಅವರ ಅಂಗೈಯಲ್ಲಿ ನಾಮದೇವನ ಸುರುಳಿ ತುಂಬಿದ, ಹೆಸರಿಲ್ಲದ ಹೊಸ ಕ್ಯಾಸೆಟ್ಟೊಂದಿತ್ತು, ಅದರ ಮೇಲೆ ಸಣ್ಣ ಕಾಗದದ ಪೊಟ್ಟಣ. ಪೊಟ್ಟಣದಲ್ಲಿ ಕೆಂಪು ಉಣ್ಣೆಯ ಚೂರಿತ್ತು. ಅದನ್ನೂ ಎಸೆಯಲು ಅವರಿಂದ ಆಗಿರಲಿಲ್ಲ.

ಅವರು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿ ಗೋಡೆಗೆ ಸರಿದು ನಿಂತರು. ಸುಹಾಸನ ಫೋನು ಒಂದೇ ಸಮನೆ ಗುರುಗುಟ್ಟುತ್ತಿತ್ತು. ಎರಡೂ ಬಳಗಗಳಲ್ಲಿ ಇನ್ನೂ ಬೈದಾಟ ನಡೆದಿತ್ತು. ಅವನು ಎರಡರಿಂದಲೂ ಹೊರಬಂದು ಫೋನು ಆರಿಸಿದ.

ಈ ಸಲದ ದನಿ ಅಷ್ಟು ಸ್ವಚ್ಛವಾಗಿರಲಿಲ್ಲ. ಜನರ ಕೆಮ್ಮು, ಎಲ್ಲೋ ಒಂದು ನಾಯಿ, ಹಾಡು. ಹಾಡು ಮುಗಿಯುವಷ್ಟರಲ್ಲಿ ಕೂಸೊಂದು ಕಿರುಚಿ ಅಳತೊಡಗಿತು. ನಾಮದೇವ ನಕ್ಕ. ನಗುವಿನ ನಡುವೆಯೇ ಅವನ ಮಾತು ಬಂತು.

"ಅಕ್ಕೂ, ವಿಶ್ವಾಸ ಅಳಾಕತ್ತಾನ ನೋಡ. ಅವನ್ನ ಹೊರಗ ಕರಕೊಂಡ ಹೋಗು, ಹಾಡ ಮುಗಿಸಿ ಬರ್ತೀನಿ."

ಅಕ್ಕುತಾಯಿ ಸೆರಗು ಸರಿಮಾಡಿಕೊಂಡು ಅರ್ಧ ಎದ್ದೇಬಿಟ್ಟಳು. ವಿಶ್ವಾಸ ಅವಳ ಕೈ ಹಿಡಿದ.

"ಕುಂದರ ಯವ್ವಾ," ಎಂದ. "ಈ ಸಲ ಇಲ್ಲೇ ಕೇಳೂಣು."