ಅರ್ಧ ಲೋಟ ನೆಲಬೇವು

ಯಶವಂತನಗರದ ಆ ಮನೆಯ ಹೊಸ್ತಿಲು ದಾಟುವ ಮೊದಲೇ ಅನುಸೂಯಾಳ ಮೂಗಿಗೆ ನೆಲಬೇವು ಕುದಿಯುವ ವಾಸನೆ ಬಡಿಯಿತು. ಹೊಸಪೇಟೆಯ ಕಾಲೇಜಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಅವಳ ಸೆರಗಿಗೆ ಅಂಟಿಕೊಂಡಿದ್ದ ವಾಸನೆ ಅದು.

"ಬರ್ರಿ ಮೇಡಂ, ಕುಂದ್ರಿ." ದುರುಗೇಶ್ ಮಂಚದಿಂದ ಏಳಲು ಹೋಗಿ, ಕೆಮ್ಮು ಒತ್ತರಿಸಿ ಬಂದು ಮತ್ತೆ ಕೂತ. "ನನ್ನ ಬಸ್ಸಿಗೆ ಹೊಸಾ ಡ್ರೈವರ್ ಬಂದಾನಂತಲ್ಲ. ಬ್ರೇಕ್ ಹೆಂಗ ಹಾಕ್ತಾನ?"

"ಎಲ್ಲಾರೂ ಮುಂದಿನ ಸೀಟಿಗೆ ಮುತ್ತು ಕೊಡಬೇಕು, ಹಂಗ!"

ಅವನು ನಕ್ಕ. ಆ ನಗುವಿಗಾಗಿಯೇ ಅವಳು ಸಂಡೂರು ಬಸ್ಸಿನ ಮೊದಲ ಸೀಟು ಹಿಡಿಯುತ್ತಿದ್ದಳು.

ಸಂಶೋಧನೆಗೆ ಗುಡ್ಡದ ನೆಲಬೇವು ಬೇಕು ಎಂದು ಅವಳು ಒಮ್ಮೆ ಬಾಯಿಬಿಟ್ಟದ್ದೇ ಸಾಕಾಗಿತ್ತು. ಅವನೇ ಕಿತ್ತು, ಎಲೆಗಳ ಮೇಲಿನ ಕೆಂಪು ಅದಿರಿನ ಧೂಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ.

"ಚೀನಾದ ಹಳೇ ವೈದ್ಯದಾಗೂ ಈ ಗಿಡ ಐತಿ. ಅವರು ಇದಕ್ಕ ಎದಿ ಚುಚ್ಚೋ ತಾವರಿ ಅಂತಾರ," ಎಂದು ಅವಳು ಹೇಳಿದ್ದ ದಿನ, ಬಸ್ಸಿನ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕೇಳಿದ್ದ: "ಚುಚ್ಚೋದು ಗಿಡಾನೋ, ಗಿಡ ಕೇಳೋರೋ?"

ಅವಳು ಕಿಟಕಿಯತ್ತ ತಿರುಗಿದ್ದಳು. ಗುಡ್ಡ ಇಳಿಯುವವರೆಗೂ ಕಿವಿ ಬಿಸಿಯಾಗಿತ್ತು.

ಈಗ ಅವನ ತಾಯಿ ಹೊನ್ನೂರಮ್ಮ ಲೋಟದಲ್ಲಿ ಕಷಾಯ ತಂದು ಕೊಟ್ಟಳು. ಅವನು ಅರ್ಧ ಕುಡಿದು ಮುಖ ಕಿವುಚಿದ.

"ಡಾಕ್ಟ್ರಿಗೆ ಕೇಳಿ ಕುಡಿಯಾಕತ್ತೀರೇನು?"

"ಯಾವ ಡಾಕ್ಟ್ರು? ಬಳ್ಳಾರಿಗೆ ಹೋಗಾದು ಬಿಟ್ಟೀನ್ರಿ. ಆ ಕಿಮೋ ಯಾರಿಗೆ ಬೇಕು? ನಿಮ್ಮ ಔಷಧ ಐತಲ್ಲ."

"ನನ್ನ ಔಷಧ?"

"ಸೆಮಿನಾರ್‌ನಾಗ ಪರದೆ ಮ್ಯಾಲೆ ತೋರಿಸಿದ್ರಲ್ಲ. ಗಿಡ ಕೊಡಾಕ ಬಂದಾಂವ ಹಿಂದಿನ ಸಾಲಿನಾಗ ಕುಂತಿದ್ದೆ. ಇಂಗ್ಲೀಷು ತಿಳೀಲಿಲ್ಲ, ಫೋಟೋ ತಿಳೀತು. ಮೊದಲ್ನೇದ್ರಾಗ ಲಂಗ್ಸಿನ ಕ್ಯಾನ್ಸರ್ ಕಣ ಸಂತಿ ದಿನದ ಬಸ್ಸಿನಂಗ ತುಂಬಿದ್ವು. ನೆಲಬೇವಿನ ಸತ್ವ ಹಾಕಿದ ಮ್ಯಾಲೆ ಲಾಸ್ಟ್ ಟ್ರಿಪ್ಪಿನಂಗ ಖಾಲಿ! ಆವಾಗ ನನಗ ಬರೇ ಕೆಮ್ಮಿತ್ತು. ಆಮ್ಯಾಲೆ ಡಾಕ್ಟ್ರು ರೋಗದ ಹೆಸರು ಹೇಳಿದ್ರೂ ಹೆದರಲಿಲ್ಲ ನಾನು. ನಮ್ಮ ಮೇಡಂ ಕಂಡುಹಿಡಿದಾರ ಅಂದ್ಕೊಂಡೆ."

ಸೆಮಿನಾರಿನಲ್ಲಿ ತನ್ನ ಮಾತಿನ ನಡುವೆ ಕೇಳಿಬಂದಿದ್ದ ಒಂಟಿ ಚಪ್ಪಾಳೆ ಅವಳಿಗೆ ನೆನಪಾಯಿತು. ಅವನ ಕಣ್ಣಲ್ಲಿ ಈಗಲೂ ಅದೇ ಹೆಮ್ಮೆ. ಅದನ್ನು ಹಾಗೇ ಉಳಿಸಬಾರದೇ ಎಂದು ಒಂದು ಗಳಿಗೆ ಜೀವ ಹಂಬಲಿಸಿತು.

"ಅದು ಲ್ಯಾಬಿನಾಗಿನ ಗಾಜಿನ ತಟ್ಟಿ ರೀ," ಎಂದಳು. "ಮನುಷ್ಯಾನ ಎದಿ ಅಲ್ಲ. ಆ ತಟ್ಟಿಗೆ ಉಪ್ಪು ಸುರುವಿದ್ರೂ ಅವು ಸಾಯ್ತಾವ. ಚೀನಾದಾಗ, ಇಲ್ಲಿ, ಎಷ್ಟೋ ಮಂದಿ ಹುಡುಕಾಕತ್ತಾರ. ಕಷಾಯ ಕುಡದು ಗಡ್ಡಿ ಕರಗಿದ್ದನ್ನ ಯಾರೂ ತೋರಿಸಿಲ್ಲ. ನಾನೂ ತೋರಿಸಿಲ್ಲ."

"ಉಪ್ಪಿಗೂ ಸಾಯ್ತಾವ?"

"ಹೂಂ."

"ಅವತ್ತು ಹೇಳಲಿಲ್ಲ ನೀವು."

"ನೀವು ಚಪ್ಪಾಳೆ ಹೊಡದ್ರಿ. ಆ ಖುಷಿಯಾಗ ನನಗ ಬ್ಯಾರೆ ಏನೂ ನೆನಪಾಗಲಿಲ್ಲ."

ಅವನು ಲೋಟವನ್ನು ಅವಳತ್ತ ಚಾಚಿದ. ಇಷ್ಟೆಲ್ಲ ಓದಿ, ಅವನ ಕೈಗಿಡಲು ತನ್ನಲ್ಲಿ ಏನೂ ಇಲ್ಲವಲ್ಲ ಎಂದು ಅವಳಿಗೆ ಅನಿಸಿತು.

"ಹಂಗಾರ ಚೆಲ್ಲಿಬಿಡ್ರಿ ಇದನ್ನ."

ಅವಳು ಲೋಟ ತೆಗೆದುಕೊಂಡು ಬಚ್ಚಲ ಕಡೆ ತಿರುಗಿದಳು. ನಿಂತಳು. ಈ ಗಿಡವನ್ನು ಅರೆದಿದ್ದಳು, ತೂಗಿದ್ದಳು, ಸತ್ವ ತೆಗೆದಿದ್ದಳು. ಒಂದು ಸಲವೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಅವನು ಕಚ್ಚಿ ಕುಡಿದ ಅಂಚಿಗೇ ತುಟಿ ಇಟ್ಟು, ಉಳಿದದ್ದನ್ನು ಪೂರ್ತಿ ಕುಡಿದುಬಿಟ್ಟಳು.

"ಅಯ್ಯ, ಎಂಜಲ ಐತ್ರಿ ಅದು!"

"ಗೊತ್ತೈತಿ."

ಕಹಿ ಗಂಟಲಿನಿಂದ ನೇರವಾಗಿ ಎದೆಗೆ ಇಳಿಯಿತು. ಆ ಚೀನೀ ಹೆಸರಿಟ್ಟವರು ಸುಳ್ಳು ಹೇಳಿರಲಿಲ್ಲ.

ಬಾಗಿಲಲ್ಲಿ ಹೊನ್ನೂರಮ್ಮ ನಿಂತಿದ್ದಳು. ಗಂಡಸಿನ ಎಂಜಲನ್ನು ಆ ಕಡೆಯ ಮನೆಗಳಲ್ಲಿ ಕಟ್ಟಿಕೊಂಡ ಹೆಂಡತಿ ಮಾತ್ರ ಕುಡಿಯುತ್ತಾಳೆ. ಮುದುಕಿ ಒಳಗೆ ಹೋದಳು.

"ನಾ ಉಳೀತೀನೇನ್ರಿ?" ದುರುಗೇಶನ ದನಿ ಮೊದಲ ಬಾರಿಗೆ ನಡುಗಿತು.

"ಗೊತ್ತಿಲ್ಲ." ಅವಳು ಅವನ ಪಕ್ಕದಲ್ಲೇ ಕೂತಳು. "ನಾಳೆ ಬಳ್ಳಾರಿಗೆ ನಾನೂ ಬರ್ತೀನಿ. ಇದನ್ನ ಕುಡದಿದ್ದೂ ಡಾಕ್ಟ್ರಿಗೆ ಹೇಳೋಣು. ಕಿಮೋ ಕೊಡೋವಾಗೆಲ್ಲ ಬಾಜೂಕ ಕುಂದ್ರತೀನಿ. ನನ್ನ ಕೈಯಾಗ ಅಷ್ಟೇ ಐತಿ."

"ಕಿಟಕಿ ಸೀಟು ಯಾರಿಗೆ?"

"ನಿಮಗ."

"ಜನ್ಮೆಲ್ಲ ಕಿಟಕಿ ಬಾಜೂಕೇ ಕುಂತೀನಿ. ನಿಮಗಿರಲಿ. ನಾ ನಿಮ್ಮನ್ನ ನೋಡ್ತೀನಿ. ಈ ಸಲ ಕನ್ನಡಿ ಬ್ಯಾಡ."

ನಗಲು ಹೋದ ಅವಳ ಕಣ್ಣು ತುಂಬಿತು.

ಹೊನ್ನೂರಮ್ಮ ಬೆಲ್ಲದ ಉಂಡೆ ತಂದು ಮುರಿದು, ಅರ್ಧ ಮಗನ ಅಂಗೈಯಲ್ಲಿ, ಅರ್ಧ ಅವಳ ಅಂಗೈಯಲ್ಲಿ ಇಟ್ಟಳು. "ಬಾಯಿ ಕಹಿ ಆಗಿರ್ತೈತಿ, ತಿನ್ನವ್ವ," ಎಂದಳು, ಅಲ್ಲಿಯವರೆಗೂ ಟೀಚರಮ್ಮ ಎನ್ನುತ್ತಿದ್ದವಳು. ಆಮೇಲೆ ಒಲೆಯ ಮೇಲಿನ ಕಷಾಯದ ಗಡಿಗೆ ಇಳಿಸುತ್ತ ಒಳಗಿನಿಂದಲೇ ಕೂಗಿದಳು:

"ಬಸ್ಸು ಜಲ್ದಿ ಐತಿ. ಇಬ್ಬರಿಗೂ ರೊಟ್ಟಿ ಕಟ್ತೀನಿ."